ಇಳಿದ ಸಕ್ಕರೆಯ ಲೆಕ್ಕ ಇಡುವವರು ಯಾರು?

ಮಧುಮೇಹ, ಸಿಹಿಮೂತ್ರ, ಸಕ್ಕರೆ ಕಾಯಿಲೆ ಎಂಬ ಹೆಸರುಗಳೆಲ್ಲ ಇದ್ದರೂ ಕನ್ನಡ ಮನೆಗಳ ಬಾಯಲ್ಲಿ ಉಳಿದದ್ದು ಒಂದೇ ಮಾತು: ಶುಗರ್. ‘ಅಪ್ಪನಿಗೆ ಶುಗರ್ ಇದೆ.’ ‘ಅತ್ತೆಗೆ ಶುಗರ್ ಬಂದು ಹನ್ನೆರಡು ವರ್ಷವಾಯಿತು.’ ‘ಈ ಸಲ ಶುಗರ್ ಜಾಸ್ತಿ ಬಂದಿದೆ.’ ಈ ಮಾತುಗಳಲ್ಲಿ ಕಾಯಿಲೆಗೆ ಇರುವುದು ಒಂದೇ ದಿಕ್ಕು, ಮೇಲಕ್ಕೆ. ಏರಿದರೆ ಕೆಟ್ಟದ್ದು, ಇಳಿದರೆ ಒಳ್ಳೆಯದು. ಹಾಗಾಗಿ ಶುಗರ್ ಇರುವವರ ಮನೆಯಲ್ಲಿ ಸಕ್ಕರೆ ಡಬ್ಬಿ ಮೇಲಿನ ಶೆಲ್ಫಿಗೆ ಹೋಗುತ್ತದೆ, ಯುಗಾದಿಯ ಹೋಳಿಗೆ ಅಜ್ಜಿಯ ಕಣ್ಣಿಗೆ ಬೀಳದಂತೆ ಒಳಗೆ ಸೇರುತ್ತದೆ, ಐದು ವರ್ಷದ ಮೊಮ್ಮಗುವೂ ‘ತಾತನಿಗೆ ಸ್ವೀಟ್ ಕೊಡಬಾರದು’ ಎಂದು ಕಲಿತಿರುತ್ತದೆ.

ಕಲಿತದ್ದು ತಪ್ಪಲ್ಲ. ಆದರೆ ಅದು ಪಾಠದ ಅರ್ಧ ಮಾತ್ರ. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಟ್ಟಲೆ ಸಮಯ ತೆಗೆದುಕೊಂಡು ಕಣ್ಣು, ಕಿಡ್ನಿ, ನರ, ರಕ್ತನಾಳಗಳನ್ನು ಕೆಡಿಸುತ್ತದೆ. ಇಳಿದ ಸಕ್ಕರೆ ಅರ್ಧ ಗಂಟೆಯಲ್ಲಿ ಮನುಷ್ಯನನ್ನು ನೆಲಕ್ಕೆ ಕೆಡವಬಲ್ಲದು. ಮೊದಲನೆಯದಕ್ಕೆ ವೈದ್ಯರಿದ್ದಾರೆ, ಲ್ಯಾಬ್ ಇದೆ, ಮೂರು ತಿಂಗಳಿಗೊಮ್ಮೆ ರಿಪೋರ್ಟ್ ಇದೆ. ಎರಡನೆಯದು ಬರುವ ಹೊತ್ತಿಗೆ ಪಕ್ಕದಲ್ಲಿ ಇರುವುದು ಹೆಂಡತಿ, ಸೊಸೆ, ಮೊಮ್ಮಗ, ಅಥವಾ ಕಟ್ಟಡದ ವಾಚ್‌ಮನ್. ಮಧುಮೇಹದ ತುರ್ತುಸ್ಥಿತಿಗಳಲ್ಲಿ ಮೊದಲ ತೀರ್ಮಾನ ತೆಗೆದುಕೊಳ್ಳುವವರು ಇವರೇ, ಮತ್ತು ಇವರಿಗೆ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಚಿಕಿತ್ಸೆಯನ್ನು ರೋಗಿಗೆ ಮಾತ್ರ ಬರೆದುಕೊಟ್ಟು ಮನೆಯನ್ನು ಹೊರಗಿಡುವ ಈ ಪದ್ಧತಿ ಬದಲಾಗಬೇಕು.

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ 10 ಕೋಟಿ ಜನರ ಸುತ್ತ ಇರುವ ಕುಟುಂಬಗಳನ್ನು ಲೆಕ್ಕ ಹಾಕಿದರೆ ಪಾಠ ಬೇಕಾದವರ ಸಂಖ್ಯೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಲೋ ಎಂದರೆ ಏನು?

ಮಿದುಳಿನ ತೂಕ ದೇಹದ ತೂಕದ ಶೇಕಡ 2ರಷ್ಟು. ಅದು ಬಳಸುವ ಶಕ್ತಿ ಮಾತ್ರ ಸುಮಾರು ಶೇಕಡ 20. ಆ ಶಕ್ತಿಯ ಮುಖ್ಯ ಮೂಲ ರಕ್ತದಲ್ಲಿರುವ ಗ್ಲೂಕೋಸ್, ಮತ್ತು ಮಿದುಳಿನ ಬಳಿ ಹೇಳಿಕೊಳ್ಳುವಂಥ ದಾಸ್ತಾನು ಇಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ವೈದ್ಯರು ಅದನ್ನು ಎಚ್ಚರಿಕೆಯ ಮಟ್ಟ ಎನ್ನುತ್ತಾರೆ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಮೂರನೆಯ ಹಂತಕ್ಕೆ ಸಂಖ್ಯೆಯೇ ಇಲ್ಲ: ಚೇತರಿಸಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕಾಯಿತು ಎಂದರೆ ಅದೇ ತೀವ್ರ ಹಂತ. ವ್ಯಾಖ್ಯೆಯ ಒಳಗೇ ‘ಇನ್ನೊಬ್ಬರು’ ಇದ್ದಾರೆ. ಆ ಇನ್ನೊಬ್ಬರಿಗೆ ತರಬೇತಿ ಮಾತ್ರ ಇಲ್ಲ.

ಮೊದಲು ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು. ಆಮೇಲೆ ಮಿದುಳಿಗೆ ಕೊರತೆ ಬಿದ್ದಾಗ ಮಾತು ತೊದಲುವುದು, ಸಿಡುಕು, ಕಂಡದ್ದು ಗುರುತು ಸಿಗದಿರುವುದು, ಮಂಪರು, ಕೊನೆಗೆ ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು. ಎಷ್ಟೋ ವರ್ಷಗಳಿಂದ ಮಧುಮೇಹ ಇರುವವರಲ್ಲಿ, ಪದೇ ಪದೇ ಲೋ ಆಗುವವರಲ್ಲಿ ಮೊದಲ ಹಂತದ ಸೂಚನೆಗಳೇ ಮಾಸಿಹೋಗಿರುತ್ತವೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ನಡುಕ ಮತ್ತು ಎದೆಬಡಿತವನ್ನು ಮುಚ್ಚಿಬಿಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಅಂಥವರು ನೇರವಾಗಿ ಗೊಂದಲದ ಹಂತಕ್ಕೆ ಬೀಳುತ್ತಾರೆ. ಗೊಂದಲದಲ್ಲಿ ಇರುವವರು ‘ನನಗೆ ಲೋ ಆಗಿದೆ’ ಎಂದು ತಾವಾಗಿ ಹೇಳುವುದಿಲ್ಲ. ‘ನನಗೇನೂ ಆಗಿಲ್ಲ, ಬಿಡಿ’ ಎಂದು ಗದರುತ್ತಾರೆ. ಕೊಟ್ಟ ಲೋಟವನ್ನು ತಳ್ಳುತ್ತಾರೆ.

ನೋಡುವವರಿಗೆ ಇದು ಬೇರೆ ಏನೇನೋ ಆಗಿ ಕಾಣುತ್ತದೆ. ರೈಲು ನಿಲ್ದಾಣದಲ್ಲಿ ತೂರಾಡುವವರು ಕುಡಿದವರಂತೆ ಕಾಣುತ್ತಾರೆ, ಜನ ದೂರ ಸರಿಯುತ್ತಾರೆ. ಮನೆಯಲ್ಲಿ ತೊದಲುವ ಹಿರಿಯರನ್ನು ಕಂಡರೆ ಲಕ್ವ ಹೊಡೆಯಿತೆಂದು ಗಾಬರಿಯಾಗುತ್ತದೆ. ಕೆಲವೊಮ್ಮೆ ಲೋ ಶುಗರ್ ದೇಹದ ಒಂದು ಬದಿಯನ್ನೇ ದುರ್ಬಲ ಮಾಡಿ ಥೇಟ್ ಲಕ್ವದಂತೆಯೇ ತೋರುತ್ತದೆ. ಇನ್ನು ಕೆಲವರಿಗೆ ಇದು ವಯಸ್ಸಿನ ಮರೆವು, ಅರಳುಮರಳು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಕೆಲವೇ ಸೆಕೆಂಡುಗಳಲ್ಲಿ ತೀರುವ ಪ್ರಶ್ನೆ ಇದು. ಗ್ಲೂಕೋಮೀಟರ್ ಇರುವ ಮನೆಗಳಲ್ಲೂ ಅದನ್ನು ಬಳಸಲು ಬರುವುದು ಹೆಚ್ಚಾಗಿ ಒಬ್ಬರಿಗೇ, ಈಗ ಪ್ರಜ್ಞೆ ತಪ್ಪುತ್ತಿರುವ ಆ ರೋಗಿಗೇ.

ಯಾವ ಮಾತ್ರೆ ಎಂಬುದು ಮನೆಗೆ ಗೊತ್ತಿರಬೇಕು

ಮಧುಮೇಹದ ಎಲ್ಲ ಔಷಧಗಳೂ ಲೋ ಮಾಡುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಆ ಭಯ ತೀರಾ ಕಡಿಮೆ. ಭಯ ಇರುವುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಮತ್ತು ಸಲ್ಫೊನೈಲ್ಯೂರಿಯಾ ಗುಂಪಿನ ಮಾತ್ರೆ ನುಂಗುವವರಿಗೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಈ ಗುಂಪಿನವು. ಅಗ್ಗ, ಪರಿಣಾಮಕಾರಿ, ದೇಶದ ತುಂಬ ಬಳಕೆಯಲ್ಲಿವೆ. ಊಟ ಮಾಡಿದರೂ ಮಾಡದಿದ್ದರೂ ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತವೆ. ವಯಸ್ಸಾಗಿ ಕಿಡ್ನಿ ಸೋತಂತೆಲ್ಲ ಇವುಗಳಲ್ಲಿ ಕೆಲವು ದೇಹದಿಂದ ಹೊರಹೋಗುವುದು ನಿಧಾನವಾಗುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಗ್ಲಿಬೆನ್‌ಕ್ಲಮೈಡ್ 60 ದಾಟಿದವರಿಗೆ ಸೂಕ್ತವಲ್ಲ ಎಂಬ ಸೂಚನೆ ಇದೆ.

ಈಗ ಪರಊರಿನ ಕನ್ನಡ ಮನೆಗಳನ್ನು ನೋಡಬೇಕು. ದಾವಣಗೆರೆಯಲ್ಲೋ ಗದಗದಲ್ಲೋ ಇದ್ದ ತಂದೆತಾಯಿ ಎಪ್ಪತ್ತು ದಾಟಿದ ಮೇಲೆ ಪುಣೆಯ, ಹೈದರಾಬಾದಿನ, ನವಿ ಮುಂಬೈಯ ಮಗನ ಮನೆಗೋ ಮಗಳ ಮನೆಗೋ ಬರುತ್ತಾರೆ. ಜೊತೆಯಲ್ಲಿ ಬರುವುದು ಊರಿನ ಡಾಕ್ಟರು ಎಂದೋ ಬರೆದುಕೊಟ್ಟ ಚೀಟಿ. ಊರಿನಲ್ಲಿ ಎಂಟು ಗಂಟೆಗೆ ಮಾತ್ರೆ, ಎಂಟೂವರೆಗೆ ರೊಟ್ಟಿ ಅಥವಾ ಅವಲಕ್ಕಿ ಎಂಬ ಕ್ರಮ ಇತ್ತು. ಇಲ್ಲಿ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೊರಡುವ ಗಡಿಬಿಡಿ. ತಿಂಡಿ ಒಮ್ಮೊಮ್ಮೆ ಹತ್ತಕ್ಕೆ. ಮಾತ್ರೆ ಮಾತ್ರ ಎಂಟಕ್ಕೇ ಹೊಟ್ಟೆಗೆ ಹೋಗಿರುತ್ತದೆ. ಊರಿನಲ್ಲಿ ಇದ್ದಷ್ಟು ಊಟ ಇಲ್ಲಿ ಸೇರುವುದಿಲ್ಲ, ತೂಕ ಇಳಿದಿದೆ, ಕಿಡ್ನಿ ಮೊದಲಿನಂತಿಲ್ಲ. ಮಾತ್ರೆಯ ಅಳತೆ ಮಾತ್ರ ಹಿಂದಿನದೇ. ಏಕಾದಶಿ, ಶ್ರಾವಣ ಶನಿವಾರ, ಶಿವರಾತ್ರಿ ಬಂದಾಗ ಊಟ ಬಿಟ್ಟರೂ ಮಾತ್ರೆ ಬಿಡುವುದಿಲ್ಲ, ಏಕೆಂದರೆ ‘ಮಾತ್ರೆ ತಪ್ಪಿಸಬೇಡಿ’ ಎಂದು ಡಾಕ್ಟರು ಹೇಳಿದ್ದಾರೆ.

ಮಧ್ಯಾಹ್ನ ಹನ್ನೊಂದಕ್ಕೆ ಫ್ಲ್ಯಾಟಿನಲ್ಲಿ ಅಂಥ ಹಿರಿಯರು ಒಬ್ಬರೇ ಇರುತ್ತಾರೆ. ಅಥವಾ ಅವರ ಜೊತೆ ಕನ್ನಡ ಬಾರದ ಕೆಲಸದವರು ಇರುತ್ತಾರೆ. ಬೆವೆತು ತಬ್ಬಿಬ್ಬಾದಾಗ ಬಾಯಿಗೆ ಬರುವುದು ಊರಿನ ಮಾತು, ಅದೂ ಅರ್ಧಂಬರ್ಧ. ಕೇಳಿದವರಿಗೆ ಮರಾಠಿ ಬರುತ್ತದೆ, ತೆಲುಗು ಬರುತ್ತದೆ, ಹಿಂದಿ ಬರುತ್ತದೆ. ಅವರು ಸೊಸೆಗೆ ಫೋನ್ ಮಾಡುತ್ತಾರೆ, ಸೊಸೆ ಮೀಟಿಂಗಿನಲ್ಲಿರುತ್ತಾಳೆ. ಊರು ಬಿಟ್ಟು ಬಂದವರ ಮನೆಗಳಲ್ಲಿ ತುರ್ತುಸ್ಥಿತಿಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ.

ಆ ಹೊತ್ತಿನಲ್ಲಿ ಬೇಕಾದ ತಿಳಿವಳಿಕೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಎಂದರೆ ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ರಕ್ತ ನೋಡಬೇಕು, 70 ದಾಟದಿದ್ದರೆ ಇನ್ನೊಮ್ಮೆ ಕೊಡಬೇಕು. ಸರಿಹೋದ ಮೇಲೆ ಊಟ ಅಥವಾ ತಿಂಡಿ. ಲಾಡು, ಚಾಕೊಲೇಟ್ ಈ ಕೆಲಸಕ್ಕೆ ಆಗುವುದಿಲ್ಲ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಗ್ಲೂಕೋಮೀಟರ್ ಸಿಗದಿದ್ದರೆ ಹುಡುಕುತ್ತ ಕೂರದೆ ಸಿಹಿ ಕೊಡುವುದೇ ಸರಿ. ಲೋ ಆಗಿಲ್ಲದವರಿಗೆ ಮೂರು ಚಮಚ ಸಕ್ಕರೆಯಿಂದ ಆಗುವ ಹಾನಿ ಸಣ್ಣದು, ಲೋ ಆದವರಿಗೆ ಕೊಡದೆ ಬಿಟ್ಟರೆ ಆಗುವ ಹಾನಿ ದೊಡ್ಡದು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ ಅದರ ನಂಬರ್ 108, ದೆಹಲಿಯಲ್ಲಿ 102, ಎಲ್ಲೇ ಇದ್ದರೂ 112. ಫೋನಿನಲ್ಲಿ ‘ಡಯಾಬಿಟಿಸ್ ಪೇಶೆಂಟ್’ ಎಂಬ ಎರಡು ಪದ ಹೇಳಿದರೆ ಅದು ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ. ಸಲ್ಫೊನೈಲ್ಯೂರಿಯಾ ಮಾತ್ರೆಯಿಂದ ಲೋ ಆದವರು ಸಕ್ಕರೆ ನೀರು ಕುಡಿದು ಎದ್ದು ಕುಳಿತರೂ ಕಥೆ ಮುಗಿದಿಲ್ಲ. ಮಾತ್ರೆ ಇನ್ನೂ ದೇಹದಲ್ಲಿರುವುದರಿಂದ ಕೆಲವು ಗಂಟೆಗಳ ನಂತರ, ರಾತ್ರಿ ನಿದ್ದೆಯಲ್ಲಿ, ಮತ್ತೆ ಇಳಿಯಬಹುದು. ತೀವ್ರವಾಗಿ ಲೋ ಆದ ಹಿರಿಯರನ್ನು ಆಸ್ಪತ್ರೆಯಲ್ಲಿ ಒಂದೆರಡು ದಿನ ಇಟ್ಟು ನೋಡುವುದು ಇದಕ್ಕೇ. ‘ಸರಿಹೋಯಿತಲ್ಲ, ಬಿಲ್ ಮಾಡಲು ಉಳಿಸಿಕೊಳ್ಳುತ್ತಿದ್ದಾರೆ’ ಎಂಬ ಅನುಮಾನ ಇಲ್ಲಿ ಹೊಂದುವುದಿಲ್ಲ.

ಇನ್ನೊಂದು ಸಂಗತಿಯನ್ನು ಚೀಟಿ ಬರೆಯುವವರೂ ಹೇಳುವುದು ಅಪರೂಪ. ಭಾರತದಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ವೋಗ್ಲಿಬೋಸ್ ಮೂರನ್ನೂ ಸೇರಿಸಿದ ಮಾತ್ರೆಗಳು ಸಿಗುತ್ತವೆ. ವೋಗ್ಲಿಬೋಸ್ ಕೆಲಸವೇ ಕರುಳಿನಲ್ಲಿ ಸಕ್ಕರೆ ಮತ್ತು ಪಿಷ್ಟ ಒಡೆಯುವುದನ್ನು ತಡೆಯುವುದು. ಆದ್ದರಿಂದ ಈ ಮಾತ್ರೆ ತೆಗೆದುಕೊಂಡವರಿಗೆ ಲೋ ಆದಾಗ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿ ಬೇಕು. ಔಷಧಿ ಅಂಗಡಿಯಲ್ಲಿ ಆ ಮಾತ್ರೆಯ ಜೊತೆಗೇ ಒಂದು ಪ್ಯಾಕೆಟ್ ಗ್ಲೂಕೋಸ್ ಕೊಟ್ಟು ಎರಡು ಮಾತು ಹೇಳುವುದು ಯಾರಿಗೂ ಭಾರವಲ್ಲ. ಆದರೂ ಅದು ರೂಢಿಯಾಗಿಲ್ಲ.

ಇನ್ಸುಲಿನ್ ವಿಷಯದಲ್ಲಿ ಸಿರಿಂಜೇ ಅಪಾಯ ತರಬಲ್ಲದು. ಇಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವವೂ ಇವೆ, 100 ಯೂನಿಟ್ ಇರುವವೂ ಇವೆ. ಪೆನ್ನಿನ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದುಕೊಂಡರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50. ಅಂಗಡಿಯವರು ಇದ್ದ ಸಿರಿಂಜ್ ಕೊಟ್ಟರು, ಮಗ ತಂದುಕೊಟ್ಟ, ಅಮ್ಮ ಚುಚ್ಚಿಕೊಂಡರು. ಯಾರೂ ಬೇಜವಾಬ್ದಾರಿಯಿಂದ ನಡೆದುಕೊಳ್ಳಲಿಲ್ಲ, ಆದರೂ ಎರಡೂವರೆ ಪಟ್ಟು ಇನ್ಸುಲಿನ್ ಒಳಗೆ ಹೋಯಿತು. ಮುಚ್ಚಳದ ಬಣ್ಣವನ್ನೂ ಬಾಟಲಿಯ ಮೇಲಿನ ಅಂಕಿಯನ್ನೂ ತಾಳೆ ನೋಡಬೇಕೆಂದು ಹೇಳಿಕೊಟ್ಟಿದ್ದರೆ ಅಷ್ಟೇ ಸಾಕಿತ್ತು.

ಏರಿದ ಸಕ್ಕರೆಯ ತುರ್ತುಗಳು

ಇಳಿಯುವುದರ ಬಗ್ಗೆ ಇಷ್ಟು ಹೇಳಿದ ಮೇಲೆ, ಏರುವುದೂ ಕೆಲವೊಮ್ಮೆ ವರ್ಷಗಳವರೆಗೆ ಕಾಯುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿಯೂ ಮೊದಲ ತೀರ್ಮಾನ ಮನೆಯದೇ.

ಇನ್ಸುಲಿನ್ ಸಾಲದೆ ಹೋದಾಗ ದೇಹ ಕೊಬ್ಬನ್ನು ಸುಡಲು ತೊಡಗುತ್ತದೆ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ, ಆಳವಾದ ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ಇದೇ ಕೀಟೋ ಅಸಿಡೋಸಿಸ್. ಟೈಪ್ 1 ಮಧುಮೇಹ ಬಂದಿರುವುದೇ ಗೊತ್ತಿಲ್ಲದ ಮಕ್ಕಳಲ್ಲಿ ಕೆಲವೊಮ್ಮೆ ಇದೇ ಮೊದಲ ಸೂಚನೆ. ‘ಏನೋ ತಿಂದಿದೆ, ಹೊಟ್ಟೆ ಕೆಟ್ಟಿದೆ’ ಎಂದು ಎರಡು ದಿನ ಕಳೆದರೆ ಮಗು ಕೈತಪ್ಪಬಹುದು. ಮಗು ತೂಕ ಇಳಿಯುತ್ತಿದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ, ನೀರು ಕುಡಿದಷ್ಟೂ ಸಾಲದು ಎಂದಾದರೆ ಅದೇ ದಿನ ಶುಗರ್ ನೋಡಿಸಬೇಕು.

ಇನ್ಸುಲಿನ್ ಮೇಲಿರುವವರ ಮನೆಗಳಲ್ಲಿ ತಪ್ಪು ಇನ್ನೊಂದು ಬಗೆಯದು. ಜ್ವರ, ವಾಂತಿ ಬಂದಾಗ ‘ಊಟವೇ ಮಾಡಿಲ್ಲ, ಇನ್ಸುಲಿನ್ ಯಾಕೆ?’ ಎಂದು ಪೂರ್ತಿ ನಿಲ್ಲಿಸಿಬಿಡುತ್ತಾರೆ. ಕಾಯಿಲೆಯ ಹೊತ್ತಿನಲ್ಲಿ ದೇಹಕ್ಕೆ ಇನ್ಸುಲಿನ್ ಕೆಲವೊಮ್ಮೆ ಹೆಚ್ಚೇ ಬೇಕಾಗುತ್ತದೆ. ಟೈಪ್ 1 ಇರುವವರು ಅದನ್ನು ಪೂರ್ತಿ ನಿಲ್ಲಿಸುವಂತೆಯೇ ಇಲ್ಲ. ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ವೈದ್ಯರು ಆರೋಗ್ಯವಾಗಿರುವಾಗಲೇ ಬರೆದುಕೊಟ್ಟಿರಬೇಕು.

ಹೊಸ ಮಾತ್ರೆಗಳು ಹೊಸ ಗೊಂದಲವನ್ನೂ ತಂದಿವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವು ಹೃದಯಕ್ಕೂ ಕಿಡ್ನಿಗೂ ಒಳ್ಳೆಯವು, ಬೆಲೆ ಇಳಿದ ಮೇಲೆ ಬಳಕೆಯೂ ಹೆಚ್ಚಿದೆ. ಆದರೆ ಇವುಗಳಿಂದ ಅಪರೂಪಕ್ಕೆ ಕೀಟೋ ಅಸಿಡೋಸಿಸ್ ಬರಬಹುದು, ಅದೂ ಗ್ಲೂಕೋಮೀಟರ್ ಹೆಚ್ಚೇನೂ ತೋರಿಸದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 2015ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ವಾಂತಿಯಾಗುತ್ತಿದೆ, ಏದುಸಿರು ಬರುತ್ತಿದೆ, ಮೀಟರಿನಲ್ಲಿ 180 ಇದೆ ಎಂದರೆ ‘ಶುಗರ್ ಸರಿಯಾಗಿದೆ’ ಎಂದು ಸುಮ್ಮನಾಗುವ ಮನೆಗೆ ಇದು ಗೊತ್ತಿರಬೇಕು. ಉಪವಾಸಕ್ಕೆ, ಆಪರೇಶನ್ನಿಗೆ ಮುಂಚೆ, ವಾಂತಿಭೇದಿ ಬಂದಾಗ ಈ ಮಾತ್ರೆ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ವಯಸ್ಸಾದವರಲ್ಲಿ ಸಕ್ಕರೆ 600 ದಾಟಿ, ದೇಹದ ನೀರೆಲ್ಲ ಮೂತ್ರವಾಗಿ ಹೋಗಿ, ದಿನಗಟ್ಟಲೆ ನಿಧಾನವಾಗಿ ಮಂಪರಿಗೆ ಜಾರುವ ಇನ್ನೊಂದು ಸ್ಥಿತಿ ಇದೆ. ಸೋಂಕು, ಬೇಸಗೆ, ನೀರು ಕುಡಿಯಲು ಮರೆಯುವ ವಯಸ್ಸು ಇವು ಸೇರಿದಾಗ ಅದು ಬರುತ್ತದೆ. ಆಸ್ಪತ್ರೆ ಸೇರಿದವರಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ಜನ ಉಳಿಯದೆ ಹೋಗುವಷ್ಟು ಅದು ಘೋರ. ‘ಯಾಕೋ ನಾಲ್ಕು ದಿನದಿಂದ ಬರೀ ಮಲಗಿರುತ್ತಾರೆ’ ಎಂಬ ಮಾತು ಮನೆಯಲ್ಲಿ ಬಂತೆಂದರೆ ಮೀಟರ್ ಕೈಗೆತ್ತಿಕೊಳ್ಳುವ ಹೊತ್ತು.

ನರ ಸತ್ತ ಕಾಲಿಗೆ ಮೊಳೆ ಚುಚ್ಚಿದರೂ, ಬಿಸಿನೀರಿನ ಚೀಲ ಸುಟ್ಟರೂ ತಿಳಿಯುವುದಿಲ್ಲ. ಕೆಂಪಗೆ ಊದಿ, ವಾಸನೆ ಬಂದು, ಜ್ವರ ಕಾಣಿಸಿದ ಕಾಲಿಗೆ ಅರಿಶಿನ ಮೆತ್ತಿ ವಾರ ಕಾಯುವುದೆಂದರೆ ಕಾಲನ್ನೇ ಪಣಕ್ಕಿಟ್ಟಂತೆ. ಹೃದಯಾಘಾತವೂ ಎದೆನೋವಿಲ್ಲದೆ ಬರಬಹುದು, ಬರೀ ಬೆವರು, ಸುಸ್ತು, ಉಸಿರು ಕಟ್ಟುವುದು. ಬೆವರುತ್ತಿರುವ ಮಧುಮೇಹಿಗೆ ಮೊದಲು ಶುಗರ್ ನೋಡಬೇಕು. ಇಳಿದಿಲ್ಲ ಎಂದಾದರೆ ಮಲಗಿಸಿ ಗಾಳಿ ಬೀಸುತ್ತ ಕೂರದೆ ಇಸಿಜಿಗೆ ಓಡಬೇಕು.

ಒಳ್ಳೆಯ ನಂಬರ್ ಎಂಬ ಭ್ರಮೆ

ಇಷ್ಟೊಂದು ತಿಳಿವಳಿಕೆ ಇದ್ದೂ ಅದು ಮನೆಯವರೆಗೆ ಏಕೆ ಬರಲಿಲ್ಲ? ಉತ್ತರದ ಒಂದು ಭಾಗ ಚಿಕಿತ್ಸೆಯ ಚರಿತ್ರೆಯಲ್ಲೇ ಇದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಸಾವು ಖಚಿತವಾಗಿತ್ತು. ಇನ್ಸುಲಿನ್ ಹೆಚ್ಚಾದರೆ ಬೆವರು, ನಡುಕ, ಪ್ರಜ್ಞೆ ತಪ್ಪುವುದು ಎಂಬುದೂ, ಸಿಹಿ ಕೊಟ್ಟರೆ ಎಚ್ಚರಾಗುತ್ತದೆ ಎಂಬುದೂ ವೈದ್ಯರಿಗೆ ಬೇಗನೇ ತಿಳಿಯಿತು. ಆದರೆ ಮುಂದಿನ ದಶಕಗಳ ಗಮನವೆಲ್ಲ ಸಕ್ಕರೆಯನ್ನು ಎಷ್ಟು ಇಳಿಸಬಹುದು ಎಂಬುದರ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ಬ್ರಿಟನ್ನಿನಲ್ಲಿ ಹೊಸದಾಗಿ ಟೈಪ್ 2 ಮಧುಮೇಹ ಪತ್ತೆಯಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಯುಕೆಪಿಡಿಎಸ್ ಅಧ್ಯಯನ, ಬಿಗಿಯಾದ ನಿಯಂತ್ರಣದಿಂದ ಕಣ್ಣು, ಕಿಡ್ನಿಗಳಂಥ ಸಣ್ಣ ರಕ್ತನಾಳಗಳ ತೊಂದರೆ ಶೇಕಡ 25ರಷ್ಟು ಕಡಿಮೆಯಾಗುತ್ತದೆ ಎಂದು 1998ರಲ್ಲಿ ತೋರಿಸಿತು.

ಹಾಗಾದರೆ ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಮೆರಿಕ ಮತ್ತು ಕೆನಡಾದ 10,251 ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಅವರ ಸರಾಸರಿ ವಯಸ್ಸು 62, ಹೃದಯದ ಕಾಯಿಲೆ ಇದ್ದವರು ಅಥವಾ ಅದರ ಅಪಾಯದಲ್ಲಿ ಇದ್ದವರು. ಒಂದು ಗುಂಪಿನ ಗುರಿ ಎಚ್‌ಬಿಎ1ಸಿ 6ಕ್ಕಿಂತ ಕೆಳಗೆ, ಇನ್ನೊಂದರದ್ದು 7ರಿಂದ 7.9. 2008ರ ಫೆಬ್ರುವರಿಯಲ್ಲಿ ಬಿಗಿ ಗುಂಪಿನ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ 257 ಜನ ಸತ್ತಿದ್ದರು, ಸಡಿಲ ಗುಂಪಿನಲ್ಲಿ 203. ತೀವ್ರವಾಗಿ ಲೋ ಆಗುವುದೂ ಬಿಗಿ ಗುಂಪಿನಲ್ಲೇ ಬಹಳ ಹೆಚ್ಚಾಗಿತ್ತು. ಹೆಚ್ಚಿನ ಸಾವುಗಳಿಗೆ ಲೋ ಶುಗರ್ ಒಂದೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಎಲ್ಲರಿಗೂ ಒಂದೇ ಗುರಿ ಹೊಂದುವುದಿಲ್ಲ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಹಲವು ಕಾಯಿಲೆಗಳಿರುವ ಹಿರಿಯರಿಗೆ 8ಕ್ಕಿಂತ ಕೆಳಗಿದ್ದರೆ ಸಾಕು, ತೀರಾ ದುರ್ಬಲರಾದವರಲ್ಲಿ ಆ ನಂಬರಿಗಿಂತ ಲೋ ಆಗದಂತೆ ನೋಡಿಕೊಳ್ಳುವುದೇ ಮುಖ್ಯ ಎಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುತ್ತದೆ.

ಕನ್ನಡ ಮನೆಗಳಿಗೆ ಈ ಮಾತು ಮುಟ್ಟಿಲ್ಲ. ಲ್ಯಾಬ್ ರಿಪೋರ್ಟು 35ರ ಮಗನಿಗೂ 78ರ ತಂದೆಗೂ ಒಂದೇ ಅಳತೆಗೋಲು ಹಿಡಿಯುತ್ತದೆ, ಅದನ್ನು ಮೀರಿದ್ದಕ್ಕೆಲ್ಲ ದಪ್ಪಕ್ಷರ. 7.8 ಬಂದರೆ ತಂದೆಗೆ ಮಕ್ಕಳಿಂದ ಬೈಗುಳ, 5.9 ಬಂದರೆ ಭೇಷ್. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೇಲಿರುವ 78ರ ಹಿರಿಯರಿಗೆ 5.9 ಬಂದರೆ ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಬೆವರಿ ಎಚ್ಚರಾಗುತ್ತದೆಯೇ? ಬೆಳಿಗ್ಗೆ ತಲೆನೋವು ಇರುತ್ತದೆಯೇ? ಕಳೆದ ತಿಂಗಳು ಎಲ್ಲಾದರೂ ಬಿದ್ದರೇ? ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ. ಏರಿದ್ದೂ ಇಳಿದದ್ದೂ ಸೇರಿ ಚಂದದ ನಂಬರ್ ಬರಬಹುದು. ಆ ಸರಾಸರಿಯ ಕೆಳಗೆ ಎಷ್ಟು ಲೋಗಳು ಹೂತುಹೋಗಿವೆ ಎಂಬುದು ಕಾಗದದಲ್ಲಿ ಕಾಣಿಸುವುದಿಲ್ಲ.

ಇದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವಲ್ಲ. ಲೋ ಬಗ್ಗೆ ಹೀಗೆ ಹೆದರಿಸಿದರೆ ಜನ ಮಾತ್ರೆ ಬಿಡುತ್ತಾರೆ, ‘ಲೋ ಆಗಬಾರದಲ್ಲ’ ಎಂದು ಮೈಸೂರು ಪಾಕ್ ತಿನ್ನುತ್ತಾರೆ, ಡಯಾಲಿಸಿಸ್ ಕೊಠಡಿಗಳನ್ನು ತುಂಬಿಸುತ್ತಿರುವುದು ಏರಿದ ಸಕ್ಕರೆಯೇ ಎಂಬುದು ಒಂದು. ನಿಜ. ದೇಶದ ಬಹುಪಾಲು ಮಧುಮೇಹಿಗಳ ಸಮಸ್ಯೆ ಸಾಲದ ನಿಯಂತ್ರಣ. ಆದರೆ ಲೋ ಆದ ಅನುಭವಕ್ಕೆ ಹೆದರಿಯೇ ಎಷ್ಟೋ ಜನ ಹೇಳದೆ ಕೇಳದೆ ಇನ್ಸುಲಿನ್ ಕಡಿಮೆ ಮಾಡಿಕೊಳ್ಳುತ್ತಾರೆ. ಅದನ್ನು ಗುರುತಿಸಿ ಸರಿಪಡಿಸಲು ಬರುವ ಮನೆಯಲ್ಲಿ ಆ ಹೆದರಿಕೆ ತಗ್ಗುತ್ತದೆ, ಚಿಕಿತ್ಸೆಯನ್ನು ಧೈರ್ಯವಾಗಿ ಮುಂದುವರಿಸಬಹುದು.

ಇನ್ನೊಂದು, ವೈದ್ಯರಿಗೆ ಸಮಯವಿಲ್ಲ ಎಂಬುದು. ಹೊರಗೆ ನಲವತ್ತು ಜನ ಕಾದಿರುವಾಗ ಒಬ್ಬರ ಮನೆಯವರಿಗೆಲ್ಲ ಪಾಠ ಹೇಳಲಾಗದು ಎಂಬುದೂ ನಿಜವೇ. ಆದರೆ ಪಾಠವನ್ನು ವೈದ್ಯರೇ ಹೇಳಬೇಕೆಂದಿಲ್ಲ. ನರ್ಸ್ ಹೇಳಬಹುದು, ಔಷಧಿ ಅಂಗಡಿಯವರು ಹೇಳಬಹುದು, ಅಚ್ಚು ಹಾಕಿದ ಒಂದು ಹಾಳೆ ಹೇಳಬಹುದು. ವೈದ್ಯರು ಮಾಡಬೇಕಾದದ್ದು ಎರಡು: ‘ಕಳೆದ ತಿಂಗಳು ಎಷ್ಟು ಸಲ ಲೋ ಆಯಿತು?’ ಎಂದು ಪ್ರತಿ ಭೇಟಿಯಲ್ಲೂ ಕೇಳುವುದು, ಮತ್ತು ಮುಂದಿನ ಸಲ ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ ಎನ್ನುವುದು.

ಪರಊರಿನ ಕನ್ನಡಿಗರ ಕೈಯಲ್ಲಿ ಇನ್ನೊಂದು ಸಾಧನವಿದೆ. ಮುಂಬೈ, ಪುಣೆ, ಚೆನ್ನೈ, ದೆಹಲಿಗಳ ಕನ್ನಡ ಸಂಘಗಳು ರಾಜ್ಯೋತ್ಸವದ ತಿಂಗಳಲ್ಲಿ ಆರೋಗ್ಯ ಶಿಬಿರ ಇಡುವುದುಂಟು. ವಿಶ್ವ ಮಧುಮೇಹ ದಿನವೂ ನವೆಂಬರ್ 14ಕ್ಕೇ ಬರುತ್ತದೆ. ಉಚಿತವಾಗಿ ರಕ್ತ ನೋಡುತ್ತಾರೆ, ಚೀಟಿಯಲ್ಲಿ ನಂಬರ್ ಬರೆದುಕೊಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಶುಗರ್ ಇದೆಯೆಂದು ಆಗಲೇ ಗೊತ್ತಿರುವವರಿಗೆ ಆ ನಂಬರಿನಿಂದ ದೊರೆಯುವುದು ಕಡಿಮೆ. ಅದೇ ಶಿಬಿರದಲ್ಲಿ ಇನ್ನೊಂದು ಮೇಜು ಇಟ್ಟು, ಮಧುಮೇಹಿಯ ಜೊತೆ ಬಂದವರಿಗೆ ಗ್ಲೂಕೋಮೀಟರ್ ಬಳಸುವುದು, ಸಿರಿಂಜಿನ ಮುಚ್ಚಳ ನೋಡುವುದು, ಚೀಟಿಯಲ್ಲಿ ಲೋ ಮಾಡುವ ಮಾತ್ರೆ ಯಾವುದೆಂದು ಗುರುತು ಹಾಕುವುದು ಹೇಳಿಕೊಟ್ಟರೆ ಹತ್ತು ನಿಮಿಷ ಸಾಕು. ಒಂದು ಬದಿ ಕನ್ನಡ, ಇನ್ನೊಂದು ಬದಿ ಆ ಊರಿನ ಭಾಷೆ ಇರುವ ಹಾಳೆ ಕೊಟ್ಟರೆ ಅದು ಫ್ರಿಜ್ ಬಾಗಿಲಿಗೆ ಅಂಟುತ್ತದೆ. ಮನೆಗೆಲಸದವರೂ ವಾಚ್‌ಮನ್ನೂ ಓದಬಲ್ಲದ್ದಾಗಿರಬೇಕು ಅದು.

ಅದರಲ್ಲಿ ಇರಬೇಕಾದದ್ದು ಇಷ್ಟೇ: ಇವರಿಗೆ ಮಧುಮೇಹವಿದೆ, ಇಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಬೆವೆತು ತೊದಲಿದರೆ ಗ್ಲೂಕೋಸ್ ಇಲ್ಲಿದೆ, ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಈ ನಂಬರಿಗೆ ಫೋನ್ ಮಾಡಿ. ವಾಂತಿ, ಏದುಸಿರು ಇದ್ದರೆ ಮೀಟರ್ ಏನೇ ಹೇಳಲಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಯಲ್ಲಿ ಮಗಳದೋ ಮಗನದೋ ಫೋನ್ ನಂಬರ್. ಬರೆದುಕೊಡುವವರು ಬರುವವರೆಗೆ ಕಾಯಬೇಕಾಗಿಲ್ಲ. ಮಧುಮೇಹವಿರುವ ಯಾವ ಮನೆಯಲ್ಲಾದರೂ ಚೀಟಿ ಮುಂದಿಟ್ಟುಕೊಂಡು, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿ ಸರಿಪಡಿಸಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಬರೆದು ಅಂಟಿಸಬಹುದಾದ ಹಾಳೆ ಅದು.